ಏಳಡಿ ಎತ್ತರದ ಜಗಳ

1799ರಲ್ಲಿ ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ಬಡವರ ಆಶ್ರಮದಿಂದ ಮಕ್ಕಳ ಒಂದು ತಂಡವನ್ನು ಗಾಡಿಗಳಲ್ಲಿ ತುಂಬಿ ನಾಟಿಂಗ್‌ಹ್ಯಾಮ್ ಸೀಮೆಯ ಲೌಡಮ್ ಎಂಬಲ್ಲಿನ ಹತ್ತಿ ಗಿರಣಿಗೆ ಸಾಗಿಸಿದರು. ಅಲ್ಲಿ ದಿನವೂ ಹುರಿದ ಮಾಂಸ, ಸಿಹಿ ಕಡುಬು, ಸವಾರಿಗೆ ಯಜಮಾನರ ಕುದುರೆ ಎಂದು ಮಕ್ಕಳಿಗೆ ಆಸೆ ಹಚ್ಚಿದ್ದರು. ಆ ಗುಂಪಿನಲ್ಲಿ ಸುಮಾರು ಏಳು ವರ್ಷದ ರಾಬರ್ಟ್ ಬ್ಲಿಂಕೋ ಇದ್ದ. ಹೆತ್ತವರು ಯಾರೆಂದೇ ಅರಿಯದ ಹುಡುಗ.

ಗಿರಣಿಯಲ್ಲಿ ಅವನು ಮೊದಲು ಕಳೆದುಕೊಂಡದ್ದು ಬೆರಳಿನ ಒಂದು ಗೆಣ್ಣು. ಎಡಗೈಯ ತೋರುಬೆರಳು ಯಂತ್ರಕ್ಕೆ ಸಿಕ್ಕಿ, ಕೂಗಿಕೊಳ್ಳುವಷ್ಟರಲ್ಲಿ ತುದಿ ಕತ್ತರಿಸಿ ಬಿದ್ದಿತ್ತು. ಹುಡುಗ ಆ ತುಂಡನ್ನು ಎತ್ತಿ, ಉಳಿದ ಬೆರಳಿಗೆ ಒತ್ತಿ ಹಿಡಿದು, ರಕ್ತ ಸೋರಿಸುತ್ತಲೇ ಪಕ್ಕದ ಊರಿನ ವೈದ್ಯನ ಹತ್ತಿರ ಓಡಿದ. ವೈದ್ಯನಿಗೆ ಗಾಬರಿಯೇನೂ ಆಗಲಿಲ್ಲ. ಎರಡನ್ನೂ ಸೇರಿಸಿ ಪಟ್ಟಿ ಕಟ್ಟಿ, ವಾಪಸ್ ಗಿರಣಿಗೇ ಕಳಿಸಿದ. ಅಂಥ ಬೆರಳುಗಳನ್ನು ಆತ ಎಷ್ಟು ನೋಡಿದ್ದನೋ.

ಬೆರಳಿಗಿಂತ ಆ ಹುಡುಗನ ನೆನಪಿನಲ್ಲಿ ಉಳಿದದ್ದು ಮೇರಿ ರಿಚರ್ಡ್ಸ್. ಹತ್ತು ವರ್ಷ ತುಂಬದ ಹುಡುಗಿ, ನೂಲಿನ ಎಳೆ ಹಿಗ್ಗಿಸುವ ಯಂತ್ರದ ಕೆಲಸದವಳು. ಆ ಯಂತ್ರದ ಕೆಳಗೆ, ನೆಲದಿಂದ ಒಂದಡಿ ಎತ್ತರದಲ್ಲಿ, ಮೇಲಿನ ಯಂತ್ರಗಳನ್ನೆಲ್ಲ ತಿರುಗಿಸುವ ಕಬ್ಬಿಣದ ಶಾಫ್ಟ್ ಹಾದುಹೋಗಿತ್ತು. ಒಂದು ಸಂಜೆ ಕೆಲಸ ಮುಗಿಯುವ ಹೊತ್ತಿನಲ್ಲಿ ಯಂತ್ರದಡಿಯ ತೂಕದ ಕಲ್ಲುಗಳನ್ನು ತೆಗೆಯಲು ಬಗ್ಗಿದಾಗ ಅವಳ ಮುಂಗಟ್ಟಿನ ಬಟ್ಟೆ ಶಾಫ್ಟಿಗೆ ಸುತ್ತಿಕೊಂಡಿತು. ಬಟ್ಟೆಯ ಹಿಂದೆಯೇ ಹುಡುಗಿ. ಬ್ಲಿಂಕೋ ಓಡಿ ಬರುವುದರೊಳಗೆ ಅವಳು ಶಾಫ್ಟಿನ ಜೊತೆ ಗಿರಗಿರನೆ ತಿರುಗುತ್ತಿದ್ದಳು, ಪ್ರತಿ ಸುತ್ತಿಗೂ ನೆಲಕ್ಕೆ ಬಡಿಯುತ್ತಿದ್ದಳು. ನೀರಿನ ಬಲದಿಂದ ನಡೆಯುವ ಗಿರಣಿ. ಅಂದು ನೀರು ಕಡಿಮೆಯಿತ್ತು. ಹುಡುಗಿಯ ಮೈ ಶಾಫ್ಟಿಗೂ ನೆಲಕ್ಕೂ ನಡುವೆ ಸಿಕ್ಕಿಹಾಕಿಕೊಂಡ ಮೇಲೆ ಯಂತ್ರ ತಾನಾಗಿಯೇ ನಿಂತಿತು. ಮೇರಿ ಸಾಯಲಿಲ್ಲ. ಮುರಿದ ಮೂಳೆಗಳು ಹೇಗೋ ಕೂಡಿಕೊಂಡ ಮೇಲೆ, ಒಪ್ಪಂದದ ಅವಧಿ ಇನ್ನೂ ಮುಗಿದಿಲ್ಲವೆಂದು ಅದೇ ಗಿರಣಿಗೆ ಊರುಗೋಲಿನ ಮೇಲೆ ಅವಳನ್ನು ಕೆಲಸಕ್ಕೆ ಕರೆತಂದರು.

ಬ್ಲಿಂಕೋ ಹೇಳಿದ್ದನ್ನು ಜಾನ್ ಬ್ರೌನ್ ಎಂಬ ಪತ್ರಕರ್ತ ಬರೆದಿಟ್ಟುಕೊಂಡಿದ್ದರು. ಅದು 1828ರಲ್ಲಿ ಲಂಡನ್ನಿನ ಒಂದು ಬಂಡಾಯ ಪತ್ರಿಕೆಯಲ್ಲಿ ಕಂತುಗಳಾಗಿ ಬಂತು. 1832ರಲ್ಲಿ ನೂಲುಗಾರರ ಸಂಘದ ನಾಯಕ ಜಾನ್ ಡೊಹರ್ಟಿ ಮ್ಯಾಂಚೆಸ್ಟರಿನಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದರು. ಇಂಗ್ಲೆಂಡಿನ ಕಾರ್ಖಾನೆಗಳ ಇತಿಹಾಸದಲ್ಲಿ ಮಾಲೀಕರ ಲೆಕ್ಕಪುಸ್ತಕ ಬೇಕಾದಷ್ಟು ಸಿಗುತ್ತದೆ. ಯಂತ್ರದ ಬುಡದಲ್ಲಿ ನಿಂತವನ ಮಾತು ಸಿಗುವುದು ಅಪರೂಪ. ಬ್ಲಿಂಕೋ ಮುಂದೆ ಹತ್ತಿ ಚಿಂದಿಯ ಸಣ್ಣ ವ್ಯಾಪಾರಿಯಾದ, ಅವನ ಮಗ ಕೇಂಬ್ರಿಜಿನಲ್ಲಿ ಓದಿ ಪಾದ್ರಿಯಾದ. ಮೇರಿ ಮುಂದೆ ಏನಾದಳೆಂದು ಆ ಪುಸ್ತಕ ಹೇಳುವುದಿಲ್ಲ.

ಈಗ ಆ ಶಾಫ್ಟಿನ ವಿಷಯ. ಮುಂದಿನ ಇಪ್ಪತ್ತು ಮೂವತ್ತು ವರ್ಷ ಪಾರ್ಲಿಮೆಂಟಿನಲ್ಲಿ, ಕೋರ್ಟಿನಲ್ಲಿ, ಪತ್ರಿಕೆಗಳಲ್ಲಿ ನಡೆದ ಜಗಳವೆಲ್ಲ ಅದರ ಸುತ್ತಲೇ ತಿರುಗಿದ್ದರಿಂದ ಅದು ಕೆಲಸ ಮಾಡುತ್ತಿದ್ದ ಬಗೆಯನ್ನು ತಿಳಿದುಕೊಳ್ಳಲೇಬೇಕು.

ನಮ್ಮೂರ ಹಳೆಯ ಹಿಟ್ಟಿನ ಗಿರಣಿ ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಮೂಲೆಯಲ್ಲಿ ಒಂದು ಎಂಜಿನ್, ಅದರಿಂದ ಒಂದು ಉದ್ದನೆಯ ಬೆಲ್ಟ್, ಬೆಲ್ಟಿನ ಆ ತುದಿಗೆ ಬೀಸುವ ಕಲ್ಲು. ಲ್ಯಾಂಕಾಶೈರಿನ ಹತ್ತಿ ಗಿರಣಿಯೂ ಅದೇ ಸೂತ್ರದ ಮೇಲೆ ನಿಂತಿತ್ತು, ಆದರೆ ಐದಾರು ಮಹಡಿಯ ಎತ್ತರಕ್ಕೆ. ಕೆಳಗೆ ಎಂಜಿನ್ ಮನೆಯಲ್ಲಿ ಒಂದೇ ಒಂದು ಉಗಿ ಎಂಜಿನ್. ಅದರ ಭಾರಿ ಗಾಲಿಯಿಂದ ಒಂದು ನೆಟ್ಟನೆಯ ಶಾಫ್ಟ್ ಎಲ್ಲ ಮಹಡಿಗಳನ್ನೂ ತೂರಿಕೊಂಡು ಮೇಲಕ್ಕೇರುತ್ತಿತ್ತು. ಪ್ರತಿ ಮಹಡಿಯಲ್ಲೂ ಹಲ್ಲುಚಕ್ರಗಳ ಮೂಲಕ ಅದಕ್ಕೆ ಕೂಡಿಕೊಂಡ ಅಡ್ಡ ಶಾಫ್ಟುಗಳು ಸೂರಿನ ಕೆಳಗೆ ಈ ಗೋಡೆಯಿಂದ ಆ ಗೋಡೆಯವರೆಗೆ ಓಡುತ್ತಿದ್ದವು. ಅವುಗಳ ಮೇಲಿನ ಡ್ರಮ್ಮುಗಳಿಂದ ಚರ್ಮದ ಬೆಲ್ಟುಗಳು ಇಳಿದು ಒಂದೊಂದು ಯಂತ್ರವನ್ನೂ ತಿರುಗಿಸುತ್ತಿದ್ದವು.

ಇಡೀ ಗಿರಣಿಗೆ ಒಂದೇ ಎಂಜಿನ್ ಎಂಬುದೇ ಅನಾಹುತದ ಮೂಲ. ಮೂರನೆಯ ಮಹಡಿಯಲ್ಲಿ ಒಂದು ಮಗ್ಗದ ಬೆಲ್ಟ್ ಜಾರಿತೆಂದರೆ ಅದನ್ನು ಮತ್ತೆ ಡ್ರಮ್ಮಿನ ಮೇಲೇರಿಸಲು ಎಂಜಿನ್ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಐದೂ ಮಹಡಿಗಳ ನೂರಾರು ಜನರ ಕೆಲಸ ನಿಲ್ಲುತ್ತದೆ. ಹಾಗಾಗಿ ಒಬ್ಬ ಮೆಕ್ಯಾನಿಕ್ ಏಣಿ ಹಾಕಿಕೊಂಡು ಹತ್ತಿ, ತಿರುಗುತ್ತಿರುವ ಡ್ರಮ್ಮಿಗೆ ಕೈಯಿಂದಲೇ ಬೆಲ್ಟ್ ತೊಡಿಸಬೇಕು. ಜಾರಿದ ಬೆಲ್ಟ್ ಸುಮ್ಮನೆ ನೇತಾಡಿಕೊಂಡಿದ್ದರೆ ಅಪಾಯವಿಲ್ಲ. ಅದು ತಿರುಗುವ ಶಾಫ್ಟಿನ ಮೇಲೆಯೇ ಕೂತಿದ್ದರೆ ಒಮ್ಮೊಮ್ಮೆ ಚರ್ಮ ಶಾಫ್ಟನ್ನು ಹಿಡಿದುಕೊಂಡು ತಾನೇ ತಾನಾಗಿ ಸುತ್ತಿಕೊಳ್ಳತೊಡಗುತ್ತದೆ. ಆಗ ಬೆಲ್ಟ್ ಹಿಡಿದ ಕೈ, ಕೈಯ ಹಿಂದೆ ಅಂಗಿಯ ತೋಳು, ತೋಳಿನ ಹಿಂದೆ ಮನುಷ್ಯ. ಶಾಫ್ಟಿಗೂ ಸೂರಿನ ತೊಲೆಗೂ ನಡುವೆ ಇರುತ್ತಿದ್ದ ಜಾಗದಲ್ಲಿ ಮನುಷ್ಯನ ಮೈ ಹಿಡಿಸುವುದಿಲ್ಲ. ಶಾಫ್ಟ್ ನಿಮಿಷಕ್ಕೆ ನೂರಕ್ಕೂ ಹೆಚ್ಚು ಸುತ್ತು ಹಾಕುತ್ತಿದ್ದರೆ, ಕೆಳಗಿನವರು ಕೂಗಿ, ಎಂಜಿನ್ ಮನೆಗೆ ಸುದ್ದಿ ಮುಟ್ಟಿ, ಉಗಿ ನಿಲ್ಲುವವರೆಗೆ ಅವನು ಎಷ್ಟು ಸಲ ತಿರುಗಿರುತ್ತಾನೆಂದು ಲೆಕ್ಕ ಹಾಕಬಹುದು.

ಏಣಿ ಹತ್ತುವವನು ಮೆಕ್ಯಾನಿಕ್ ಒಬ್ಬನೇ ಅಲ್ಲ. ಶಾಫ್ಟಿನ ಕೀಲುಗಳಿಗೆ ಎಣ್ಣೆ ಬಿಡುವವನಿದ್ದ. ಸುಣ್ಣ ಬಳಿಯುವವನಿದ್ದ. ಗಿರಣಿಯ ಗೋಡೆಗೂ ಸೂರಿಗೂ 14 ತಿಂಗಳಿಗೊಮ್ಮೆ ಸುಣ್ಣ ಬಳಿಸಬೇಕೆಂದು ಕಡ್ಡಾಯ ಮಾಡಿದ್ದೇ ಕಾರ್ಖಾನೆ ಕಾಯ್ದೆ. ಕಾಯ್ದೆಯೇ ಮನುಷ್ಯನನ್ನು ಶಾಫ್ಟಿನ ಪಕ್ಕಕ್ಕೆ ಹತ್ತಿಸಿತ್ತು.

1833ರ ಕಾಯ್ದೆ ಒಂಬತ್ತು ವರ್ಷದೊಳಗಿನ ಮಕ್ಕಳನ್ನು ಗಿರಣಿಯಿಂದ ಹೊರಗಿಟ್ಟಿತು, ದೊಡ್ಡ ಮಕ್ಕಳ ದುಡಿಮೆಯ ಗಂಟೆಗೆ ಮಿತಿ ಹಾಕಿತು, ದೇಶಕ್ಕೆಲ್ಲ ನಾಲ್ವರು ಇನ್ಸ್‌ಪೆಕ್ಟರುಗಳನ್ನು ನೇಮಿಸಿತು. ಯಂತ್ರಕ್ಕೆ ತಡೆಗಂಬಿ ಹಾಕುವ ಬಗ್ಗೆ ಅದರಲ್ಲಿ ಒಂದು ಅಕ್ಷರವಿರಲಿಲ್ಲ. ಗಾಯಗೊಂಡವನು ಕೋರ್ಟಿಗೆ ಹೋಗಬಹುದಲ್ಲ ಎಂದರೆ, ಆ ದಾರಿ 1837ರಲ್ಲಿ ಮುಚ್ಚಿತು. ಮುಚ್ಚಿದ್ದು ಗಿರಣಿಯ ಮೊಕದ್ದಮೆಯಲ್ಲೂ ಅಲ್ಲ, ಒಂದು ಮಾಂಸದಂಗಡಿಯ ಮೊಕದ್ದಮೆಯಲ್ಲಿ. ಪ್ರೀಸ್ಟ್ಲಿ ಎಂಬ ಕೆಲಸದ ಹುಡುಗ ಯಜಮಾನ ಫೌಲರನ ಗಾಡಿಯಲ್ಲಿ ಹೋಗುವಾಗ, ಅತಿಯಾಗಿ ಹೇರಿದ ಗಾಡಿ ಮುರಿದು ಅವನ ತೊಡೆ ಮುರಿಯಿತು. ಜ್ಯೂರಿ ಅವನಿಗೆ 100 ಪೌಂಡ್ ಕೊಡಿಸಿತು. ಮೇಲಿನ ಕೋರ್ಟಿನಲ್ಲಿ ಲಾರ್ಡ್ ಅಬಿಂಜರ್ ಅದನ್ನು ತಳ್ಳಿಹಾಕಿದರು. ಕೆಲಸದವನಿಗೆ ಅಪಾಯ ಕಂಡರೆ ಆ ಕೆಲಸ ಒಲ್ಲೆ ಎನ್ನಬಹುದಿತ್ತು; ಒಪ್ಪಿಕೊಂಡ ಮೇಲೆ ಅಪಾಯವೂ ಅವನದೇ. ಇದು ತೀರ್ಪಿನ ತಿರುಳು. ಜೊತೆ ಕೆಲಸಗಾರನ ತಪ್ಪಿಗೆ ಯಜಮಾನ ಹೊಣೆಯಲ್ಲ ಎಂಬ ವಾದ ಇದರಿಂದಲೇ ಬೆಳೆದು ಮುಂದೆ ಒಂದು ಶತಮಾನ ಕಾಲ ಕೆಲಸಗಾರರ ದಾರಿಗೆ ಅಡ್ಡ ನಿಂತಿತು. ಬ್ರಿಟನ್ನಿನಲ್ಲಿ ಅದು ಪೂರ್ತಿ ತೊಲಗಿದ್ದು 1948ರಲ್ಲಿ.

ಆದರೂ ಒಂದು ಮೊಕದ್ದಮೆ ಗೆದ್ದಿತು. ಸ್ಟಾಕ್‌ಪೋರ್ಟ್ ಸಮೀಪದ ಹೀಟನ್ ಮರ್ಸಿಯ ಗಿರಣಿಯಲ್ಲಿ ಎಲಿಜಬೆತ್ ಕಾಟರೆಲ್ ಎಂಬ ಹದಿಹರೆಯದ ಹುಡುಗಿ ತಡೆಯಿಲ್ಲದ ಶಾಫ್ಟಿಗೆ ಸಿಕ್ಕಿ ಜಜ್ಜಿಹೋಗಿದ್ದಳು. ಗಿರಣಿ ಮಕ್ಕಳ ಪರವಾಗಿ ಪಾರ್ಲಿಮೆಂಟಿನಲ್ಲಿ ಮಾತಾಡುತ್ತಿದ್ದ ಲಾರ್ಡ್ ಆಶ್ಲಿ ಕೋರ್ಟ್ ಖರ್ಚಿನ ಹೊಣೆ ಹೊತ್ತರು. 1840ರಲ್ಲಿ ಮಾಲೀಕ 100 ಪೌಂಡ್ ಪರಿಹಾರ ಕೊಡಬೇಕಾಯಿತು, ಮೊಕದ್ದಮೆಯ ಖರ್ಚು ಬೇರೆ. ಹಿಂದೆ ಒಬ್ಬ ಲಾರ್ಡ್ ನಿಂತರೆ ಮಾತ್ರ ಗೆಲ್ಲಬಹುದಾದ ಮೊಕದ್ದಮೆ ಅದು.

ಅದೇ ಆಶ್ಲಿ ವಿಲಿಯಂ ಡಾಡ್ ಎಂಬ ಅಂಗವಿಕಲ ಗಿರಣಿ ಕೆಲಸಗಾರನಿಗೂ ಆಶ್ರಯ ಕೊಟ್ಟಿದ್ದರು. ಬಾಲ್ಯದ ದುಡಿಮೆಯಲ್ಲಿ ಕಾಲು ಸೊಟ್ಟಗಾಗಿ, ಕೊನೆಗೆ ಲಂಡನ್ನಿನ ಆಸ್ಪತ್ರೆಯಲ್ಲಿ ಬಲಗೈಯನ್ನೂ ಕತ್ತರಿಸಿಕೊಂಡವರು ಡಾಡ್. ಅವರು 1841ರಲ್ಲಿ ತಮ್ಮ ಕತೆ ಬರೆದರು, ಮರುವರ್ಷ ಗಿರಣಿ ಊರುಗಳನ್ನು ಸುತ್ತಿ ಕಂಡದ್ದನ್ನು ಇನ್ನೊಂದು ಪುಸ್ತಕ ಮಾಡಿದರು. 1844ರಲ್ಲಿ ಸ್ವತಃ ಗಿರಣಿ ಮನೆತನದವರಾದ ಜಾನ್ ಬ್ರೈಟ್ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು, ಈ ಮನುಷ್ಯ ನಂಬಿಕೆಗೆ ಅರ್ಹನಲ್ಲ ಎಂದು ಡಾಡ್ ಅವರ ಚಾರಿತ್ರ್ಯವನ್ನು ಬಿಡಿಸಿಟ್ಟರು. ಆಶ್ಲಿ ಕೈಬಿಟ್ಟರು, ಡಾಡ್ ಅಮೆರಿಕಕ್ಕೆ ಹೊರಟುಹೋದರು. ಗಾಯದ ಬಗ್ಗೆ ಉತ್ತರವಿಲ್ಲದಾಗ ಗಾಯಗೊಂಡವನ ನಡತೆ ವಿಚಾರಿಸುವ ಜಾಣತನ ಅಂದಿನದೇ.

1844ರ ಕಾಯ್ದೆಗೆ ಹೆಚ್ಚು ಕಾರಣರಾದವರು ಇನ್ಸ್‌ಪೆಕ್ಟರುಗಳು, ಅದರಲ್ಲೂ ಲೆನರ್ಡ್ ಹಾರ್ನರ್. ಎಡಿನ್‌ಬರೋದಲ್ಲಿ ಹುಟ್ಟಿದ ಹಾರ್ನರ್ ಭೂವಿಜ್ಞಾನಿ. ಆ ವಿಜ್ಞಾನದ ದೊಡ್ಡ ಹೆಸರಾದ ಚಾರ್ಲ್ಸ್ ಲಯೆಲ್ ಈ ಹಾರ್ನರ್‌ರ ಅಳಿಯ. ಕಲ್ಲಿನ ಪದರಗಳನ್ನು ಓದುವ ಕಣ್ಣಿನಿಂದಲೇ ಅವರು ಗಿರಣಿಗಳನ್ನೂ ನೋಡಿದರು. 1841ರಲ್ಲಿ ಇನ್ಸ್‌ಪೆಕ್ಟರುಗಳೆಲ್ಲ ಸೇರಿ ಯಂತ್ರದ ಅಪಘಾತಗಳ ಬಗ್ಗೆಯೇ ಒಂದು ವಿಶೇಷ ವರದಿ ಕೊಟ್ಟರು. ಮೂರು ವರ್ಷದ ನಂತರ ಅದರಲ್ಲಿ ಬಹಳಷ್ಟು ಕಾಯ್ದೆಯಾಯಿತು. ಎಂಜಿನ್ನಿಗೆ ಕೂಡಿದ ಭಾರಿ ಗಾಲಿಗಳಿಗೆ, ನೀರಿನ ಚಕ್ರಗಳಿಗೆ, ಸರಕು ಎತ್ತುವ ಯಂತ್ರಗಳಿಗೆ, ಶಾಫ್ಟು ಚಕ್ರ ಡ್ರಮ್ಮುಗಳಿಗೆ ಭದ್ರವಾದ ತಡೆ ಇರಬೇಕು. ಓಡುತ್ತಿರುವ ಶಾಫ್ಟನ್ನು ಮಕ್ಕಳಿಂದ ಒರೆಸಿಸಕೂಡದು. ಅಪಘಾತವಾದರೆ ಸರ್ಕಾರ ಗೊತ್ತುಪಡಿಸಿದ ವೈದ್ಯರಿಗೆ ತಿಳಿಸಲೇಬೇಕು. ತಡೆ ಹಾಕದೆ ಯಾರಾದರೂ ಗಾಯಗೊಂಡರೆ 10ರಿಂದ 100 ಪೌಂಡ್ ದಂಡ, ಆ ಹಣವನ್ನು ಗಾಯಗೊಂಡವರಿಗೇ ಕೊಡಿಸಬಹುದು. ಜಗತ್ತಿನ ಕೈಗಾರಿಕೆಯಲ್ಲಿ ಯಂತ್ರದ ಅಪಾಯವನ್ನು ಮಾಲೀಕನ ಬಾಗಿಲಿಗೆ ತಂದಿಟ್ಟ ಮೊದಲ ಕಾಯ್ದೆಗಳಲ್ಲಿ ಇದು ಒಂದು. (ಅದೇ ಕಾಯ್ದೆ ಮಕ್ಕಳನ್ನು ಎಂಟನೆಯ ವರ್ಷಕ್ಕೇ ಅರ್ಧ ದಿನದ ಕೆಲಸಕ್ಕೆ ಬಿಟ್ಟಿತೆಂಬುದನ್ನೂ ಹೇಳಬೇಕು. ಮಾಲೀಕರಿಗೆ ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ತೆಗೆದುಕೊಂಡ ಕಾಲ ಅದು.)

ಕಾಯ್ದೆಯಲ್ಲಿ ಶಾಫ್ಟ್ ಎಂದರೆ ನೆಟ್ಟಗಿದ್ದರೂ ಸೈ, ಓರೆಯಾಗಿದ್ದರೂ ಸೈ, ಅಡ್ಡವಾಗಿದ್ದರೂ ಸೈ. ಎಷ್ಟು ಎತ್ತರದಲ್ಲಿದೆ ಎಂಬ ಪ್ರಶ್ನೆಯನ್ನೇ ಅದು ಎತ್ತಿರಲಿಲ್ಲ. ರೂಢಿ ಮಾತ್ರ ಬೇರೆ ದಾರಿ ಹಿಡಿಯಿತು. ನೆಲದಿಂದ ಏಳಡಿಗಿಂತ ಮೇಲಿರುವ ಅಡ್ಡ ಶಾಫ್ಟುಗಳ ಗೊಡವೆಗೆ ಇನ್ಸ್‌ಪೆಕ್ಟರುಗಳು ಹೋಗಲಿಲ್ಲ. ಏಳಡಿ ಮನುಷ್ಯ ಎಲ್ಲಿದ್ದಾನೆ, ನೆಲದ ಮೇಲೆ ನಿಂತವನ ತಲೆಗೆ ತಾಗದ ಶಾಫ್ಟಿನಿಂದ ಅಪಾಯವೇನು ಎಂಬುದು ಮಾಲೀಕರ ವಾದ. ಕೇಳಲು ಸರಿಯಾಗಿಯೇ ಇದೆ. ಏಣಿಯ ವಿಷಯ ಮರೆತರೆ.

ಹತ್ತು ವರ್ಷ ಹೀಗೆ ನಡೆಯಿತು. ವೈದ್ಯರಿಂದ ಬರುತ್ತಿದ್ದ ವರದಿಗಳಲ್ಲಿ ತಲೆ ಮೇಲಿನ ಶಾಫ್ಟುಗಳಿಗೆ ಸುತ್ತಿಕೊಂಡವರ ಸುದ್ದಿ ನಿಲ್ಲಲಿಲ್ಲ. ಕೊನೆಗೆ 1854ರ ಜನವರಿ 31ರಂದು ಒಂದು ಸುತ್ತೋಲೆ ಹೊರಟಿತು: ಎತ್ತರ ಎಷ್ಟೇ ಇರಲಿ, ಎಲ್ಲ ಅಡ್ಡ ಶಾಫ್ಟುಗಳಿಗೂ ತಡೆ ಇರಬೇಕು. ಲ್ಯಾಂಕಾಶೈರ್ ಹೊತ್ತಿ ಉರಿಯಿತು. ಮಾಲೀಕರ ನಿಯೋಗ ಲಂಡನ್ನಿಗೆ ಹೋಗಿ ಗೃಹಮಂತ್ರಿ ಲಾರ್ಡ್ ಪಾಮರ್‌ಸ್ಟನ್ ಅವರನ್ನು ಕಂಡಿತು. ಮೈಲುಗಟ್ಟಲೆ ಶಾಫ್ಟಿಗೆ ತಗಡು ಸುತ್ತುವುದೆಂದರೆ ಎಷ್ಟು ಖರ್ಚು, ತಡೆಯೇ ಸಡಿಲವಾಗಿ ಕೆಳಗಿನವರ ತಲೆ ಮೇಲೆ ಬಿದ್ದರೆ ಏನು ಗತಿ ಎಂದೆಲ್ಲ ಕೇಳಿತು. ಪಾಮರ್‌ಸ್ಟನ್ ಬಾಗಿದರು. ಮಾರ್ಚಿನಲ್ಲಿ ಇನ್ನೊಂದು ಸುತ್ತೋಲೆ ಬಂದು, ಶಾಫ್ಟಿಗೆ ತಡೆ ಬೇಡ, ಜಾರಿದ ಬೆಲ್ಟ್ ಶಾಫ್ಟಿನ ಮೇಲೆ ಕೂರದಂತೆ ಹಿಡಿದಿಡುವ ಕಬ್ಬಿಣದ ಕೊಕ್ಕೆಗಳಾದರೂ ಸಾಕು ಎಂದಿತು.

ಕೊಕ್ಕೆ ಕೆಟ್ಟ ಉಪಾಯವಲ್ಲ. ಬೆಲ್ಟ್ ಶಾಫ್ಟನ್ನು ಮುಟ್ಟದಿದ್ದರೆ ಸುತ್ತಿಕೊಳ್ಳುವ ಅಪಾಯ ಅರ್ಧಕ್ಕರ್ಧ ಕಡಿಮೆ. ಆದರೆ ಎಣ್ಣೆ ಬಿಡುವವನ ತೋಳನ್ನೂ ಸುಣ್ಣ ಬಳಿಯುವವನ ಅಂಗಿಯನ್ನೂ ಕೊಕ್ಕೆ ಹೇಗೆ ಕಾಪಾಡೀತು? ಅಷ್ಟರ ಮೇಲೆ, ಬಹಳ ಜನ ಕೊಕ್ಕೆಯನ್ನೂ ಹಾಕಲಿಲ್ಲ. ಇನ್ಸ್‌ಪೆಕ್ಟರುಗಳು ಮೊಕದ್ದಮೆ ಹೂಡತೊಡಗಿದರು.

1855ರ ವಸಂತದಲ್ಲಿ ಮ್ಯಾಂಚೆಸ್ಟರಿನಲ್ಲಿ ಕಾರ್ಖಾನೆ ಮಾಲೀಕರ ರಾಷ್ಟ್ರೀಯ ಸಂಘ ಹುಟ್ಟಿದ್ದು ಇದನ್ನು ಎದುರಿಸಲು. ಸದಸ್ಯರ ಚಂದಾ ಅವರವರ ಎಂಜಿನ್ನಿನ ಶಕ್ತಿಗೆ ತಕ್ಕಂತೆ, ಒಂದು ಅಶ್ವಶಕ್ತಿಗೆ ಎರಡು ಶಿಲಿಂಗ್. ಆ ಹಣದಿಂದ ಸದಸ್ಯರ ಮೇಲಿನ ಮೊಕದ್ದಮೆಗಳ ಖರ್ಚು ನಡೆಯುತ್ತದೆ, ಪಾರ್ಲಿಮೆಂಟಿನಲ್ಲಿ ಕಾಯ್ದೆ ಬದಲಿಸುವ ಪ್ರಯತ್ನ ನಡೆಯುತ್ತದೆ. ಸ್ಕಾಟ್ಲೆಂಡಿನ ಇನ್ಸ್‌ಪೆಕ್ಟರ್ ಸರ್ ಜಾನ್ ಕಿನ್‌ಕೇಡ್ ಆಗ ಒಂದು ಲೆಕ್ಕ ಮುಂದಿಟ್ಟರು. ವಾಟರ್ಲೂ ಯುದ್ಧದಲ್ಲಿ ನೆಪೋಲಿಯನ್ನನ ವಿರುದ್ಧ ಕಾದಾಡಿದ್ದ ಹಳೆಯ ಸೈನಿಕ. ಗಿರಣಿ ಮಾಲೀಕರ ಗದ್ದಲಕ್ಕೆ ಹೆದರುವ ಆಸಾಮಿಯಲ್ಲ. ಗ್ಲಾಸ್ಗೋದ ಒಂದು ಗಿರಣಿ ತನ್ನಲ್ಲೇ ಬಿದ್ದಿದ್ದ ಗುಜರಿ ಕಬ್ಬಿಣದಿಂದ ಎಲ್ಲ ಯಂತ್ರಗಳಿಗೂ ತಡೆ ಮಾಡಿಸಿಕೊಂಡಿತ್ತು. ಖರ್ಚು 9 ಪೌಂಡ್ 1 ಶಿಲಿಂಗ್. ಆ ಗಿರಣಿಯ ಎಂಜಿನ್ 110 ಅಶ್ವಶಕ್ತಿಯದು. ಮ್ಯಾಂಚೆಸ್ಟರಿನ ಸಂಘಕ್ಕೆ ಸೇರಿದ್ದರೆ ಚಂದಾ 11 ಪೌಂಡ್ ಆಗುತ್ತಿತ್ತು. ಅಂದರೆ ತಡೆ ಹಾಕುವುದಕ್ಕಿಂತ ತಡೆ ಹಾಕುವುದಿಲ್ಲವೆಂದು ಹೋರಾಡುವುದೇ ದುಬಾರಿ.

ಹಣದ ಪ್ರಶ್ನೆಯೇ ಆಗಿದ್ದರೆ ಈ ಲೆಕ್ಕ ನೋಡಿ ಜಗಳ ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯಲಿಲ್ಲ. ನನ್ನ ಗೋಡೆಯೊಳಗೆ ಏನು ಮಾಡಬೇಕೆಂದು ಸರ್ಕಾರದ ನೌಕರ ಬಂದು ಹೇಳುವುದೇ ಎಂಬ ಅಭಿಮಾನದ ಪ್ರಶ್ನೆ ಅದು. ಹಣಕ್ಕೆ ಲೆಕ್ಕ ತೋರಿಸಬಹುದು, ಅಭಿಮಾನಕ್ಕೆ ಏನು ತೋರಿಸುವುದು?

ಇಷ್ಟರಲ್ಲಿ ಚಾರ್ಲ್ಸ್ ಡಿಕನ್ಸ್ ಕಣಕ್ಕಿಳಿದಿದ್ದರು. ಅವರ ‘ಹೌಸ್‌ಹೋಲ್ಡ್ ವರ್ಡ್ಸ್’ ವಾರಪತ್ರಿಕೆಯಲ್ಲಿ 1854ರ ಏಪ್ರಿಲ್ 22ರಂದು ಗಿರಣಿಯ ಸಾವುನೋವುಗಳ ಬಗ್ಗೆ ಒಂದು ಲೇಖನ ಬಂತು. ಬರೆದವರು ಹೆನ್ರಿ ಮಾರ್ಲಿ. ವೈದ್ಯಕೀಯ ಓದಿ, ಪತ್ರಿಕೋದ್ಯಮಕ್ಕೆ ಬಂದವರು. ಮುಂದೆ ಇಂಗ್ಲಿಷ್ ಸಾಹಿತ್ಯದ ಪ್ರಾಧ್ಯಾಪಕರಾದವರು. ಗಾಯದ ವಿವರ ಬರೆಯುವಾಗ ಅವರ ಲೇಖನಿ ನಡುಗುವುದಿಲ್ಲ, ವೈದ್ಯರ ಲೇಖನಿ. ಮರುವರ್ಷ ಮಾಲೀಕರ ಸಂಘ ಹುಟ್ಟಿದ ಮೇಲೆ ಪತ್ರಿಕೆ ಒಂದರ ಹಿಂದೊಂದು ಲೇಖನ ಹಾಕಿತು. ಒಂದಕ್ಕೆ ಸಂಘದ ಚಂದಾ ದರವೇ ತಲೆಬರಹ. ಕೆಲಸಗಾರರನ್ನು ಜಜ್ಜುವ ಹಕ್ಕಿನ ರಕ್ಷಣೆಗಾಗಿ ಕಟ್ಟಿಕೊಂಡ ಸಂಘ ಎಂಬ ಅರ್ಥದ ಅಡ್ಡ ಹೆಸರೂ ಅದಕ್ಕೆ ಬಿತ್ತು. ಆ ಹೆಸರು ಮಾಲೀಕರಿಗೆ ಮರೆಯಲಾಗದಷ್ಟು ನೆಟ್ಟಿತು.

ಅದೇ 1854ರಲ್ಲಿ ಡಿಕನ್ಸ್ ತಮ್ಮ ಪತ್ರಿಕೆಯಲ್ಲೇ ‘ಹಾರ್ಡ್ ಟೈಮ್ಸ್’ ಕಾದಂಬರಿಯನ್ನು ಧಾರಾವಾಹಿಯಾಗಿ ಬರೆಯುತ್ತಿದ್ದರು. ಗಿರಣಿ ಊರಿನ ಕತೆ. ಅದರಲ್ಲಿ ಬರುವ ಗಿರಣಿ ಕೆಲಸಗಾರ್ತಿ ರೇಚೆಲ್‌ಳ ಪುಟ್ಟ ತಂಗಿಯ ತೋಳನ್ನು ಯಂತ್ರ ಕಿತ್ತುಹಾಕಿತ್ತು ಎಂಬ ಒಂದು ಭಾಗವನ್ನು ಅವರು ಬರೆದಿದ್ದರು; ಮಾರ್ಲಿಯ ಲೇಖನ ನೋಡಿ ಎಂದು ಅಡಿಟಿಪ್ಪಣಿಯನ್ನೂ ಕೊಟ್ಟಿದ್ದರು. ಕರಡು ತಿದ್ದುವಾಗ ಆ ಭಾಗವನ್ನೂ ಟಿಪ್ಪಣಿಯನ್ನೂ ಹೊಡೆದುಹಾಕಿದರು. ಅದು ಹೋದದ್ದರಿಂದ ಕಾದಂಬರಿಗೆ ನಷ್ಟವೇ ಆಯಿತೆಂದು ನನ್ನ ಎಣಿಕೆ. ಕಾನೂನಿನ ಬಗ್ಗೆ ಕತೆಯ ಗಿರಣಿ ಕೆಲಸಗಾರ ಸ್ಟೀಫನ್ನನಿಗೆ ಇರುವ ಕಹಿ ಎಲ್ಲಿಂದ ಬಂತೆಂದು ಓದುಗನಿಗೆ ಈಗ ಪೂರ್ತಿಯಾಗಿ ತಿಳಿಯುವುದಿಲ್ಲ.

ಮಾಲೀಕರ ಪರ ಲೇಖನಿ ಹಿಡಿದವರು ಹ್ಯಾರಿಯೆಟ್ ಮಾರ್ಟಿನೊ. ಆಕೆಯನ್ನು ಬಾಡಿಗೆ ಬಂಟರೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಚಿಕ್ಕಂದಿನಿಂದ ಕಿವುಡುತನ ಅನುಭವಿಸಿಯೂ ತಮ್ಮ ದುಡಿಮೆಯಿಂದಲೇ ಬದುಕು ಕಟ್ಟಿಕೊಂಡವರು. ಅಮೆರಿಕದ ಗುಲಾಮಗಿರಿಯ ವಿರುದ್ಧ ದನಿಯೆತ್ತಿದವರು. ಅರ್ಥಶಾಸ್ತ್ರವನ್ನು ಕತೆಗಳ ರೂಪದಲ್ಲಿ ಮನೆಮನೆಗೆ ಮುಟ್ಟಿಸಿದವರು. 1855ರಲ್ಲಿ ಹೃದಯದ ಕಾಯಿಲೆಯಿಂದ ಇನ್ನೇನು ಸಾಯುತ್ತೇನೆಂದು ನಂಬಿ ಮನೆಯಲ್ಲಿ ಕೂತಿದ್ದ ಆಕೆ (ಬದುಕಿದ್ದು 1876ರವರೆಗೆ) ಡಿಕನ್ಸರ ಪತ್ರಿಕೆ ಓದಿ ಸಿಟ್ಟಿಗೆದ್ದರು. ‘ವೆಸ್ಟ್‌ಮಿನ್‌ಸ್ಟರ್ ರಿವ್ಯೂ’ಗಾಗಿ ಉತ್ತರ ಬರೆದರು. ಸಂಪಾದಕ ಜಾನ್ ಚಾಪ್‌ಮನ್ ಅದನ್ನು ಹಾಕಲು ಒಪ್ಪಲಿಲ್ಲ. ಮ್ಯಾಂಚೆಸ್ಟರಿನ ಸಂಘ ಸಂತೋಷದಿಂದ ಕಿರುಹೊತ್ತಗೆಯಾಗಿ ಅಚ್ಚು ಹಾಕಿತು.

ಆಕೆಯ ವಾದ ಎರಡು ಕಾಲಿನ ಮೇಲೆ ನಿಂತಿತ್ತು. ಲಕ್ಷಾಂತರ ಜನ ದುಡಿಯುವ ಕಡೆ ತಲೆ ಮೇಲಿನ ಶಾಫ್ಟಿನಿಂದ ಸಾಯುವವರು ಬೆರಳೆಣಿಕೆಯಷ್ಟು. ಅವರೂ ಬಹುಪಾಲು ತಮ್ಮ ಅಜಾಗರೂಕತೆಯಿಂದ ಸಾಯುತ್ತಾರೆ. ಇದಕ್ಕೆಲ್ಲ ಕಾನೂನು ಮಾಡಹೊರಟರೆ ಕೆಲಸಗಾರನನ್ನು ಮಗುವಿನಂತೆ ಕಂಡ ಹಾಗೆ. ಮಾರ್ಲಿ ಇದಕ್ಕೆ 1856ರ ಜನವರಿಯಲ್ಲಿ ಉತ್ತರ ಕೊಟ್ಟರು. ಅಂಕಿಗಳ ಮೇಲೆ ಇಬ್ಬರೂ ಕಾದಾಡಿದರು. ಆದರೆ ‘ಅಜಾಗರೂಕತೆ’ ಎಂಬ ಮಾತೇ ಇಡೀ ಜಗಳದ ಗುಟ್ಟು. ಎಂಜಿನ್ ನಿಲ್ಲಿಸುವ ಅಧಿಕಾರ ಏಣಿ ಹತ್ತಿದವನ ಕೈಯಲ್ಲಿರಲಿಲ್ಲ. ಓಡುವ ಶಾಫ್ಟಿನ ಪಕ್ಕದಲ್ಲಿ ಕೈ ಚಾಚುವುದೇ ಅವನ ನೌಕರಿ. ಸಾವಿರ ಸಲ ಕೈ ಚಾಚಿ ಸಾವಿರ ಸಲವೂ ಉಳಿದು ಬಂದವನನ್ನು ಯಾರೂ ಜಾಗರೂಕ ಎಂದು ಕರೆಯಲಿಲ್ಲ. ಸಾವಿರದ ಒಂದನೆಯ ಸಲಕ್ಕೆ ಮಾತ್ರ ಅವನು ಅಜಾಗರೂಕ. ನಮ್ಮಲ್ಲಿ ಇಂದಿಗೂ ಕಾರ್ಖಾನೆ ಅಪಘಾತವೆಂದರೆ ಮೊದಲು ಹುಡುಕುವುದು ಆ ಪದವನ್ನೇ.

ಪಾರ್ಲಿಮೆಂಟಿನಲ್ಲಿ ಗೆದ್ದದ್ದು ಸಂಘ. ಉತ್ತರ ಲ್ಯಾಂಕಾಶೈರಿನ ಸದಸ್ಯ ವಿಲ್ಸನ್-ಪ್ಯಾಟನ್ ತಂದ ಮಸೂದೆ 1856ರಲ್ಲಿ ಕಾಯ್ದೆಯಾಯಿತು. ಮಕ್ಕಳು, ಎಳೆಯರು ಮತ್ತು ಹೆಂಗಸರು ನಡೆದಾಡುವಾಗ ಇಲ್ಲವೇ ನಿತ್ಯದ ಕೆಲಸದಲ್ಲಿ ತಾಗಬಹುದಾದ ಶಾಫ್ಟುಗಳಿಗೆ ಮಾತ್ರ ತಡೆ ಬೇಕು. ಉಳಿದವುಗಳ ಬಗ್ಗೆ ಇನ್ಸ್‌ಪೆಕ್ಟರನಿಗೆ ತಕರಾರಿದ್ದರೆ ಪಂಚಾಯಿತಿ, ಪಂಚರು ಯಂತ್ರ ಕಟ್ಟುವ ಕಸುಬು ಬಲ್ಲವರೇ ಆಗಿರಬೇಕು. ಮೆಕ್ಯಾನಿಕ್, ಎಣ್ಣೆ ಬಿಡುವವ, ಸುಣ್ಣ ಬಳಿಯುವವ, ಇವರೆಲ್ಲ ಬೆಳೆದ ಗಂಡಸರು. ತಮ್ಮ ಮೈ ತಾವು ನೋಡಿಕೊಳ್ಳಬೇಕು. ತಲೆ ಮೇಲಿನ ಶಾಫ್ಟ್ ಮತ್ತೆ ಬೆತ್ತಲಾಯಿತು. ಹಾರ್ನರ್ ತಮ್ಮ ವರದಿಗಳಲ್ಲಿ ಇದನ್ನು ಬಿಡದೆ ಖಂಡಿಸಿ, 1859ರಲ್ಲಿ ನಿವೃತ್ತರಾದರು. ಮಾರ್ಕ್ಸ್ ತಮ್ಮ ‘ಕ್ಯಾಪಿಟಲ್’ನಲ್ಲಿ ಸರ್ಕಾರಿ ಅಧಿಕಾರಿಯೊಬ್ಬರನ್ನು ಮನಸಾರೆ ಹೊಗಳಿದ್ದು ಹಾರ್ನರ್ ವಿಷಯದಲ್ಲಿ. ಕಿನ್‌ಕೇಡರ ಗ್ಲಾಸ್ಗೋ ಲೆಕ್ಕ ನಮಗೆ ಸಿಗುವುದೂ ಆ ಗ್ರಂಥದ ಮೂರನೆಯ ಸಂಪುಟದಲ್ಲೇ. ಅದನ್ನು ಅಚ್ಚಿಗೆ ಸಿದ್ಧಗೊಳಿಸಿದ ಎಂಗೆಲ್ಸ್, ಈ ಜಗಳ ನಡೆಯುವಾಗ ಮ್ಯಾಂಚೆಸ್ಟರಿನ ಒಂದು ಹತ್ತಿ ಕಂಪನಿಯ ಕಚೇರಿಯಲ್ಲೇ ಲೆಕ್ಕ ಬರೆಯುತ್ತಿದ್ದರು.

ಕಾಯ್ದೆಯ ಬೇಲಿಯಾಚೆ ಇದ್ದ ಕಡೆ ಇನ್ನೂ ಘೋರ. ಐರ್ಲೆಂಡಿನ ಕಾರ್ಕ್ ಸಮೀಪದ ಕಿಲ್‌ಡಿನನ್ ಎಂಬಲ್ಲಿ ಅಗಸೆ ನಾರು ಬಡಿದು ಬಿಡಿಸುವ ಒಂದು ಗಿರಣಿಯಿತ್ತು. 1852ರಿಂದ 1856ರವರೆಗೆ ಆ ಒಂದೇ ಗಿರಣಿಯಲ್ಲಿ 6 ಸಾವು, 60 ಅಂಗಭಂಗ. ಕೆಲವು ಶಿಲಿಂಗುಗಳ ಖರ್ಚಿನಲ್ಲಿ ಎಲ್ಲವನ್ನೂ ತಪ್ಪಿಸಬಹುದಿತ್ತೆಂದು ಸರ್ಕಾರಿ ದಾಖಲೆಯೇ ಹೇಳುತ್ತದೆ.

ಮುಂದಿನ ಕತೆ ನಿಧಾನದ್ದು. 1878ರಲ್ಲಿ ಕಾಯ್ದೆಗಳನ್ನೆಲ್ಲ ಒಟ್ಟುಗೂಡಿಸಿದರು, 1891ರಲ್ಲಿ ಮತ್ತೆ ಬಿಗಿ ಮಾಡಿದರು. 1897ರಲ್ಲಿ ಯಾರ ತಪ್ಪೆಂದು ಕೆದಕದೆ ಪರಿಹಾರ ಕೊಡುವ ಕಾಯ್ದೆ ಬಂತು. ಆದರೆ ಸೂರಿನ ಕೆಳಗಿನ ಶಾಫ್ಟನ್ನು ನಿಜವಾಗಿ ಇಳಿಸಿದ್ದು ಕಾನೂನಲ್ಲ, ವಿದ್ಯುತ್ ಮೋಟಾರು. ಇಪ್ಪತ್ತನೆಯ ಶತಮಾನದಲ್ಲಿ ಒಂದೊಂದು ಯಂತ್ರಕ್ಕೂ ಅದರದೇ ಮೋಟಾರು ಬಂದ ಮೇಲೆ ಶಾಫ್ಟೂ ಬೇಡವಾಯಿತು, ಉದ್ದನೆಯ ಬೆಲ್ಟೂ ಬೇಡವಾಯಿತು, ಏಣಿಯೂ ಬೇಡವಾಯಿತು. ಹಾರ್ನರ್ ಅರ್ಧ ಜೀವಮಾನ ಹೋರಾಡಿ ಮಾಡಲಾಗದ್ದನ್ನು ಮೋಟಾರು ಯಾರನ್ನೂ ಕೇಳದೆ ಮಾಡಿತು, ಅದೂ ಕೆಲಸಗಾರರ ಮೇಲಿನ ಕರುಣೆಯಿಂದಲ್ಲ, ಕಲ್ಲಿದ್ದಲು ಉಳಿಯುತ್ತದೆಂದು.

ಈ ಕತೆ ಇಂಗ್ಲೆಂಡಿನಲ್ಲೇ ಉಳಿಯಲಿಲ್ಲ. ಕಾವಸಜಿ ದಾವರ್ ಮುಂಬಯಿಯ ಮೊದಲ ಹತ್ತಿ ಗಿರಣಿಯ ಕಂಪನಿ ಕಟ್ಟಿದ್ದು 1854ರಲ್ಲಿ. ಗಿರಣಿ ಶುರುವಾದದ್ದು 1856ರಲ್ಲಿ. ಸುತ್ತೋಲೆ ಹೊರಟ ವರ್ಷ, ಕಾಯ್ದೆ ಸಡಿಲವಾದ ವರ್ಷ. ಯಂತ್ರಗಳು ಬಂದದ್ದು ಲ್ಯಾಂಕಾಶೈರಿನಿಂದ, ಅವುಗಳ ಜೊತೆ ಹಡಗಿನಲ್ಲಿ ಶಾಫ್ಟೂ ಡ್ರಮ್ಮೂ ಬೆಲ್ಟೂ ಬಂದವು. ಇನ್ಸ್‌ಪೆಕ್ಟರು ಮಾತ್ರ ಬರಲಿಲ್ಲ. 1875ರಲ್ಲಿ ಮುಂಬಯಿ ಸರ್ಕಾರ ನೇಮಿಸಿದ ಸಮಿತಿಯಲ್ಲಿ ಹೆಚ್ಚಿನವರು ಕಾಯ್ದೆಯೇ ಬೇಡವೆಂದರು. ಸೊರಾಬ್‌ಜಿ ಶಾಪುರ್‌ಜಿ ಬೆಂಗಾಲಿ ಎಂಬ ಪಾರ್ಸಿ ಮುಖಂಡರು ಪಟ್ಟು ಬಿಡದೆ ಹೋರಾಡಿದರು. 1881ರಲ್ಲಿ ಭಾರತದ ಮೊದಲ ಕಾರ್ಖಾನೆ ಕಾಯ್ದೆ ಬಂತು. ನೂರು ಜನಕ್ಕಿಂತ ಕಡಿಮೆ ದುಡಿಯುವ ಕಡೆಗೆ ಅದು ಅನ್ವಯಿಸುತ್ತಿರಲಿಲ್ಲ. ಏಳು ವರ್ಷದ ಮಗುವನ್ನು ದಿನಕ್ಕೆ ಒಂಬತ್ತು ಗಂಟೆ ದುಡಿಸಬಹುದಿತ್ತು. ಅಪಾಯದ ಯಂತ್ರಕ್ಕೆ ತಡೆ ಹಾಕುವ ಮಾತು ಮಾತ್ರ ಮೊದಲ ಸಲಕ್ಕೆ ಬಂದಿತ್ತು. ನಮ್ಮ ಗೋಕಾಕ ಜಲಪಾತದ ನೂಲಿನ ಗಿರಣಿ ಆ ದಶಕದಲ್ಲೇ ಎದ್ದದ್ದು. ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿದ್ದುದರಿಂದ ಆ ಗಿರಣಿ ಈ ಕಾಯ್ದೆಯ ನೆರಳಿನಲ್ಲೇ ಹುಟ್ಟಿತು. ಮೈಸೂರು ಸಂಸ್ಥಾನದ ಗಿರಣಿಗಳಿಗೆ ಬ್ರಿಟಿಷ್ ಇಂಡಿಯಾದ ಕಾಯ್ದೆ ತಾನಾಗಿ ಅನ್ವಯಿಸುತ್ತಿರಲಿಲ್ಲ.

1923ರಲ್ಲಿ ಕೆಲಸಗಾರರ ಪರಿಹಾರ ಕಾಯ್ದೆ ಬಂದು ಮರುವರ್ಷ ಜುಲೈನಿಂದ ಜಾರಿಯಾಯಿತು. ಅದಕ್ಕೊಂದು ಪಟ್ಟಿ ಅಂಟಿಕೊಂಡಿತ್ತು. ನಂತರದ ತಿದ್ದುಪಡಿಗಳ ಪ್ರಕಾರ ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇ 30ರಷ್ಟು ನಷ್ಟ, ಇಡೀ ತೋರುಬೆರಳಿಗೆ ಶೇ 14, ನಡುಬೆರಳಿಗೆ 12, ಕಿರುಬೆರಳಿಗೆ 7. ಗೆಣ್ಣಿನ ಲೆಕ್ಕವೂ ಇತ್ತು: ತೋರುಬೆರಳಿನ ಒಂದು ಗೆಣ್ಣಿಗೆ ಶೇ 9. ಪವರ್ ಪ್ರೆಸ್ ಇರುವ ಯಾವ ಕೈಗಾರಿಕಾ ಪ್ರದೇಶಕ್ಕೆ ಹೋದರೂ ಈ ಪಟ್ಟಿ ಬಾಯಿಪಾಠವಿರುವ ವಕೀಲರು ಸಿಗುತ್ತಾರೆ. ಶಾಫ್ಟ್ ಹೋದ ಮೇಲೆ ಅಪಾಯ ಇಳಿದು ಬಂದು ಕೂತಿರುವುದು ಅಂಥ ಯಂತ್ರಗಳ ಬಾಯಲ್ಲಿ.

ಸ್ವತಂತ್ರ ಭಾರತ 1948ರಲ್ಲಿ ತನ್ನ ಕಾರ್ಖಾನೆ ಕಾಯ್ದೆ (ಅದು 2025ರವರೆಗೆ ಜಾರಿಯಲ್ಲಿತ್ತು) ಬರೆದಾಗ ಲ್ಯಾಂಕಾಶೈರಿನ ಹಳೆಯ ಜಗಳದ ಗುರುತುಗಳನ್ನೆಲ್ಲ ಅದರೊಳಗೆ ಇಟ್ಟಿತು. 21ನೆಯ ಕಲಮಿನಲ್ಲಿ ತಡೆ ಇರಬೇಕಾದದ್ದು ಮಕ್ಕಳು ಹೆಂಗಸರಿಗಷ್ಟೇ ಅಲ್ಲ, ಕೆಲಸದಲ್ಲಿರುವ ಪ್ರತಿಯೊಬ್ಬರಿಗೂ. 22ನೆಯ ಕಲಮಿನಲ್ಲಿ, ಓಡುವ ಯಂತ್ರವನ್ನು ಪರೀಕ್ಷಿಸಲೋ ಅದಕ್ಕೆ ಎಣ್ಣೆ ಬಿಡಲೋ ಹೋಗುವವನು ತರಬೇತಿ ಪಡೆದ ವಯಸ್ಕನಾಗಿರಬೇಕು, ಮೈಗಂಟಿದ ಉಡುಪು ತೊಟ್ಟಿರಬೇಕು, ಉಡುಪನ್ನು ಕಾರ್ಖಾನೆಯವರೇ ಕೊಡಬೇಕು. 24ನೆಯ ಕಲಮು ಪಾಮರ್‌ಸ್ಟನ್ ಕಾಲದ ಕೊಕ್ಕೆಯ ಮೊಮ್ಮಗು: ಕೆಲಸದಲ್ಲಿಲ್ಲದ ಬೆಲ್ಟನ್ನು ತಿರುಗುತ್ತಿರುವ ಶಾಫ್ಟಿನ ಮೇಲೆ ಕೂರಲು ಬಿಡಕೂಡದು. ಶಾಫ್ಟ್ ನೆಲದಿಂದ ಎಷ್ಟು ಅಡಿ ಮೇಲಿರಬೇಕೆಂದು ಆ ಕಲಮು ಕೇಳಲಿಲ್ಲ.